ಚನ್ನೇಶನ ಫೋನೂ ಅಬಲೂರಿನ ಕನ್ಯೆಯೂ

ಚನ್ನೇಶನ ಫೋನು ಕೆಟ್ಟಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ಶಿಗ್ಗಾಂವಿಯ ಪೇಟೆಯಲ್ಲಿ ಬಂದವರೂ ಹೋದವರೂ ಅದು ಕೆಟ್ಟಿದೆ ಎಂದೇ ಸಾಧಿಸಿದರು. ಅದರ ಗಾಜು ಒಡೆದಿರಲಿಲ್ಲ. ಬ್ಯಾಟರಿ ಸಂಜೆಯವರೆಗೆ ಬಾಳುತ್ತಿತ್ತು. ಈ ತುದಿಯಲ್ಲಿ ಮಾತಾಡಿದರೆ ಆ ತುದಿಯಲ್ಲಿ ಸ್ವಚ್ಛವಾಗಿ ಕೇಳುತ್ತಿತ್ತು. ಒಂದು ಫೋನಿನಿಂದ ಮನುಷ್ಯ ಇನ್ನೇನು ಬಯಸಬೇಕು ಹೇಳಿ? ಆದರೆ ಅದನ್ನು ಮಾಡಿದ ಕಂಪನಿಯವರು ಎರಡು ವರ್ಷ ಅದಕ್ಕೆ ಅಪ್‌ಡೇಟ್ ಕಳಿಸಿದ ಶಾಸ್ತ್ರ ಮಾಡಿ, ಆಮೇಲೆ ಅತ್ತ ತಿರುಗಿಯೂ ನೋಡಿರಲಿಲ್ಲ. ತಪ್ಪು ಅವರದು, ಬೈಗುಳ ಚನ್ನೇಶನಿಗೆ.

ಚನ್ನೇಶ ಕರಿಬಸಪ್ಪನವರ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ. ವಯಸ್ಸು ಮೂವತ್ನಾಲ್ಕು. ಗೋವಿನಜೋಳದ ಧೂಳು ಕುಡಿದು ಕುಡಿದು ಕೂದಲು ಬಿಳಿಯೋ ಧೂಳೋ ಗೊತ್ತಾಗದ ಸ್ಥಿತಿಗೆ ಬಂದಿತ್ತು. ಈ ಕಡೆ ಕನ್ಯೆಗಳ ಬರ ಎಂಥದೆಂದು ನಿಮಗೆ ಗೊತ್ತೇ ಇದೆ. ಅವನ ಫೋಟೊ ನಾಲ್ಕೂ ತಾಲೂಕು ಸುತ್ತಿ ಸುತ್ತಿ, ಹೋದ ಹಾಗೆಯೇ ವಾಪಸ್ಸು ಬರುತ್ತಿತ್ತು. ಅಂಥವನಿಗೆ ಆ ದಿನ ಬೆಳಿಗ್ಗೆ ಮದುವೆ ಕುದುರಿಸುವ ಫಕ್ಕೀರಪ್ಪನ ಫೋನು ಬಂತು.

"ಚನ್ನೇಶಾ, ಬಾಯಿ ಸಿಹಿ ಮಾಡ್ಕೋಪಾ. ಅಬಲೂರ ವಾಣಿಶ್ರೀ ನಿನ್ನ ಫೋಟೊ ಒಪ್ಪ್ಯಾಳ!"

"ಖರೇನ?"

"ಖರೇ ಅಂದ್ರ ಖರೇ. ನನಗ ನಂಬಿಕಿ ಬರವಲ್ದು, ನಿನಗ ಹೆಂಗ ಬಂದೀತು? ಆದ್ರ ಒಂದ ಕರಾರು ಐತಿ ನೋಡು. ಹುಡುಗಿ ಮೊದ್ಲ ವಿಡಿಯೊ ಕಾಲಿನ್ಯಾಗ ಮಾತಾಡ್ತಾಳಂತ. ಅದೂ ನಿನ್ನ ಸ್ವಂತ ಫೋನಿನಿಂದ. ಇನ್ನೊಬ್ರ ಫೋನ್ ಇಸ್ಕೊಂಡು ಮಾಡಿದ್ರ ಮಾತ ಬ್ಯಾಡ ಅಂದಾಳ. ಹನ್ನೊಂದಕ್ಕ ತಯಾರಿರು. ನಾಳೆ ಸವಣೂರಿನವರು ಆಕಿನ್ನ ನೋಡಾಕ ಬರಾವ್ರದಾರ. ನಿನ್ನ ಹಣೇಬಾರ ಇವತ್ತ ತೀರ್ಮಾನ ಆಗಬೇಕು."

ಚನ್ನೇಶ ಕೈ ತೊಳೆದು, ಮುಖ ತೊಳೆದು, ಕನ್ನಡಿ ಇಲ್ಲದ್ದರಿಂದ ತಕ್ಕಡಿಯ ಹಿತ್ತಾಳೆ ತಟ್ಟೆಯಲ್ಲಿ ಮುಖ ನೋಡಿ ತಲೆ ಬಾಚಿಕೊಂಡು, ವಿಡಿಯೊ ಕಾಲಿನ ಆ್ಯಪ್ ಒತ್ತಿದ. ಅಲ್ಲಿ ಒಂದು ಒಕ್ಕಣೆ ಮೂಡಿತು: 'ಈ ಆ್ಯಪ್ ನಿಮ್ಮ ಫೋನಿನಲ್ಲಿ ಇನ್ನು ಮುಂದೆ ಕೆಲಸ ಮಾಡುವುದಿಲ್ಲ. ದಯವಿಟ್ಟು ನಿಮ್ಮ ಫೋನನ್ನು ಅಪ್‌ಡೇಟ್ ಮಾಡಿ.'

ಆಗಲಿ ಎಂದು ಅವನು ಅಪ್‌ಡೇಟ್ ಹುಡುಕಿಕೊಂಡು ಹೋದ. ಅಲ್ಲಿ ಅವನ ಫೋನೇ ಹೇಳಿತು: 'ನಿಮ್ಮ ಫೋನು ಸಂಪೂರ್ಣ ಅಪ್‌ಡೇಟ್ ಆಗಿದೆ. ಹೊಸದೇನೂ ಇಲ್ಲ.'

"ನೋಡ್ರಿ ಸಾಹುಕಾರ್ರ!" ಎಂದು ಚನ್ನೇಶ ಗಾದಿಯ ಮೇಲಿದ್ದ ಕರಿಬಸಪ್ಪನವರ ಮುಂದೆ ಫೋನು ಹಿಡಿದ. "ಆ್ಯಪ್ ಅಂತೈತಿ, ಅಪ್‌ಡೇಟ್ ಮಾಡು. ಫೋನ್ ಅಂತೈತಿ, ಎಲ್ಲಾ ಆಗೇತಿ. ಈಗ ಸುಳ್ಳು ಹೇಳಾಕತ್ತಾವ್ರು ಯಾರು?"

"ಹಳೇ ಡಬ್ಬಿ ಅದು. ಒಗದ್ ಹೊಸದು ತಗೋ ಅಂತ ಎಷ್ಟು ದಿನದಿಂದ ಬಡ್ಕೊಳ್ಳಾಕತ್ತೇನಿ."

"ಕೆಟ್ಟಿದ್ರ ಒಗೀತಿದ್ದೆ ಬಿಡ್ರಿ. ಕೆಟ್ಟಿಲ್ಲಲ್ಲ!"

"ಹಂಗಾರ ಸೆಟ್ಟಿಂಗ್ಸ್‌ಗೆ ಹೋಗು. ಕೆಳಗ ಕೊನೀಕ ಹೋಗು. ಅಲ್ಲಿ ಮ್ಯಾಲಿಂದ ಮೂರನೇದು ಒತ್ತು. ಒತ್ತಲೇ! ನನ್ನದರಾಗ ಹಂಗ ಐತಿ."

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಎತ್ತು ಯಾವ ಊರಿನದಾದರೂ ಮೂಗುದಾರ ಮೂಗಿನಲ್ಲೇ ಇರುತ್ತದೆ, ಬಾಲದಲ್ಲಿ ಹುಡುಕುವ ಪ್ರಸಂಗ ಬರುವುದಿಲ್ಲ. ಫೋನಿನ ಕತೆ ಹಾಗಲ್ಲ. ಪೇಟೆಯಲ್ಲಿ ಎಷ್ಟು ಜೇಬೋ ಅಷ್ಟು ನಮೂನೆಯ ಫೋನು, ಒಂದೊಂದರ ಹೊಟ್ಟೆಯಲ್ಲಿ ಒಂದೊಂದು ಕಾಲದ ಸಾಫ್ಟ್‌ವೇರು. ಒಬ್ಬರದರಲ್ಲಿ ಮೂರನೆಯದು ಇನ್ನೊಬ್ಬರದರಲ್ಲಿ ಒಂಬತ್ತನೆಯದು, ಮತ್ತೊಬ್ಬರದರಲ್ಲಿ ಅದು ಇಲ್ಲವೇ ಇಲ್ಲ. ಆದರೂ ನಮ್ಮ ಜನ ಇನ್ನೊಬ್ಬರ ಫೋನು ಕಂಡ ಕೂಡಲೇ ತಮ್ಮ ಫೋನಿನ ದಾರಿಯನ್ನು ಅದರೊಳಗೆ ಧೈರ್ಯವಾಗಿ ಹೇಳಿಕೊಡುತ್ತಾರೆ.

ಚನ್ನೇಶ ಮೂರನೆಯದು ಒತ್ತಿದ. ಫೋನಿನೊಳಗಿಂದ ಒಬ್ಬ ಹೆಂಗಸು ಶುದ್ಧ ಕನ್ನಡದಲ್ಲಿ, "ಆಲಿಸುವ ಸಹಾಯ ಆನ್ ಆಗಿದೆ. ಪರದೆಯಲ್ಲಿರುವುದನ್ನು ನಾನು ಓದಿ ಹೇಳುತ್ತೇನೆ" ಎಂದಳು. ಕಣ್ಣು ಕಾಣದವರಿಗೆಂದು ಇಟ್ಟ ಉಪಕಾರ ಅದು. ಅವನು ಗಾಬರಿಯಾಗಿ ಎಲ್ಲಿ ಮುಟ್ಟಿದರೂ ಅದನ್ನು ಆಕೆ ಓದತೊಡಗಿದಳು. ಅವಳನ್ನು ಸುಮ್ಮನಾಗಿಸಲು ಮುಟ್ಟಿದರೆ, ಮುಟ್ಟಿದ್ದನ್ನೂ ಓದಿದಳು.

"ಯಾರಿಕಿ?" ಎಂದರು ಕರಿಬಸಪ್ಪ, ಗಾದಿಯಿಂದ ಅರ್ಧ ಎದ್ದು.

ಅಷ್ಟರಲ್ಲಿ ಫೋನು ರಿಂಗಾಯಿತು. "ಫಕ್ಕೀರಪ್ಪ ಕನ್ಯಾ ಇವರಿಂದ ಕರೆ" ಎಂದು ಆಕೆ ಇಡೀ ಪೇಟೆಗೆ ಕೇಳುವಂತೆ ಸಾರಿದಳು. ಚನ್ನೇಶ ಹೇಗೋ ಬಡಿದು ಗುದ್ದಿ ಫೋನು ಎತ್ತಿದ.

"ತಯಾರಿದಿ ಏನಪಾ?" ಎಂದ ಫಕ್ಕೀರಪ್ಪ.

"ಕರೆ ಕೊನೆಗೊಳಿಸಿ. ಎರಡು ಬಾರಿ ತಟ್ಟಿ" ಎಂದಳು ಆಕೆ.

ಫಕ್ಕೀರಪ್ಪ ದನಿ ತಗ್ಗಿಸಿದ. "ಯಾರಪಾ ಆ ಹೆಣ್ಣಮಗಳು?"

"ಯಾರೂ ಇಲ್ಲೋ ಮಾರಾಯಾ! ಫೋನು ಮಾತಾಡಾಕತ್ತೈತಿ!"

"ಸ್ಪೀಕರ್. ಮ್ಯೂಟ್. ಕರೆ ಕೊನೆಗೊಳಿಸಿ. ಎರಡು ಬಾರಿ ತಟ್ಟಿ."

"ಫೋನ್ ಇಡು ಅಂತ ಬೈಯಾಕತ್ತಾಳಲ್ಲೋ! ಎರಡು ತಟ್ಟು ಅಂತಾಳ! ನೋಡ್ ಚನ್ನೇಶಾ, ಹಂಗೇನರ ಇದ್ರ ಈಗ ಹೇಳಿಬಿಡು, ನನ್ನ ಮಾನ ಕಳೀಬ್ಯಾಡ."

"ನಮ್ಮವ್ವನ ಆಣಿ, ಏನೂ ಇಲ್ಲ! ಫೋನು ಹಳೇದಾತಂತ, ವಿಡಿಯೊ ಕಾಲ್ ನಡ್ಯಂಗಿಲ್ಲಂತ, ಅದಕ್ಕ ಹಿಂಗಾಗೇತಿ!" ಎಂದು ಚನ್ನೇಶ ಕೂಗುವಷ್ಟರಲ್ಲಿ ಎರಡು ಬಾರಿ ತಟ್ಟಿದಂತಾಗಿ ಕರೆ ಕೊನೆಗೊಂಡಿತು.

ಮೂಟೆ ಹೊರುತ್ತಿದ್ದ ಹಮಾಲ ಗುತ್ತೆಪ್ಪ ಇಷ್ಟು ಹೊತ್ತು ನೋಡಿ ನೋಡಿ ತಡೆಯಲಾರದೆ ಮೂಟೆ ಇಳಿಸಿ ಬಂದ. "ಚನ್ನೇಶಣ್ಣ, ನೀವು ಮೆತ್ತಗ ಮುಟ್ತೀರಿ, ಅದಕ್ಕ ಕೇಳವಲ್ದು. ನಂದು ಹಿಂಗ ಮಾಡಿದ್ರ ಮೂರು ಸಲ ಟಕ್ ಟಕ್ ಟಕ್ ಅಂತ ಬಡೀತೇನಿ, ದಾರಿಗೆ ಬರ್ತೈತಿ." ಹೇಳಿದ್ದಲ್ಲದೆ ತಾನೇ ಬಡಿದೂ ಬಿಟ್ಟ. ಪರದೆಯ ಮೇಲಿದ್ದುದೆಲ್ಲ ಉಬ್ಬಿ ಉಬ್ಬಿ ಕೊನೆಗೆ ಇಡೀ ಗಾಜಿನ ತುಂಬ ಒಂದೇ ಒಂದು 'ಳ' ನಿಂತಿತು. ಕುಂಬಳಕಾಯಿಯ ಗಾತ್ರ.

"ಅಕ್ಷರ ಚಲೋ ಕಾಣಾಕತ್ತೈತಿ" ಎಂದ ಗುತ್ತೆಪ್ಪ.

"ಒಂದ ಅಕ್ಷರಲೇ ಅದು!" ಎಂದು ಚನ್ನೇಶ ಹಣೆ ಬಡಿದುಕೊಂಡ.

ಗದ್ದಲ ಕೇಳಿ ಪಕ್ಕದಲ್ಲಿ ಮಿರ್ಚಿ ಕರಿಯುವ ಸರೋಜವ್ವ ಕೈಯಲ್ಲಿ ಕಡ್ಲಿಹಿಟ್ಟು ಮೆತ್ತಿಕೊಂಡೇ ಬಂದಳು. ಆಕೆಯ ಅಳಿಯ ದೀಪಾವಳಿಗೆ ಹೊಸ ಫೋನು ಕೊಡಿಸಿದಂದಿನಿಂದ ಪೇಟೆಯ ಎಲ್ಲ ಫೋನುಗಳ ಮೇಲೂ ಆಕೆಗೆ ಒಂದು ಅಧಿಕಾರ ಬಂದಿತ್ತು. "ಸರೀರಿ ಎಲ್ಲಾರೂ. ಗಂಡಸರು ಸೇರಿದ್ರ ಹಿಂಗ. ತಮ್ಮಾ, ನೆಟ್ ಬರವಲ್ದದಕ, ಅದಕ್ಕ ಹುಚ್ಚು ಹಿಡದೈತಿ. ಮ್ಯಾಲಿಂದ ಕೆಳಗ ಜಗ್ಗಿ ನಾಕನೇ ಚಿತ್ರ ಒತ್ತಬೇಕು. ನನ್ನದರಾಗ ಅದನ್ನ ಒತ್ತಿದ್ರ ನೆಟ್ ಹೆಂಗ ಓಡ್ತೈತಿ ಅಂತಿ!"

"ಬ್ಯಾಡ ಸರೋಜಕ್ಕಾ, ಮುಟ್ಟಬ್ಯಾಡ..."

ಆಕೆ ಜಗ್ಗಿ, ಒತ್ತಿ ಆಗಿತ್ತು. "ವಿಮಾನ ಮೋಡ್, ಆನ್" ಎಂದಳು ಫೋನಿನ ಹೆಂಗಸು. ಸಿಗ್ನಲಿನ ಕಡ್ಡಿಗಳು ಒಂದೂ ಇಲ್ಲದಂತೆ ಮಾಯವಾದವು.

"ಕಡದ್ ಬಿಟ್ಟಲ್ಲ ಯಕ್ಕಾ ಎಲ್ಲಾನೂ!"

"ಯವ್ವಾ, ವಿಮಾನ ಅಂದ್ರ ಜೋರ ಹೋಗೂದ ಅಲ್ಲೇನು?" ಎಂದಳು ಸರೋಜವ್ವ, ಸ್ವಲ್ಪವೂ ಅಳುಕದೆ.

ಪರದೆಯ ತುಂಬ 'ಳ' ಕೂತಿರುವಾಗ ಆ ವಿಮಾನವನ್ನು ಇಳಿಸುವ ಗುಂಡಿ ಯಾರಿಗೂ ಸಿಗಲಿಲ್ಲ. ಉಪದೇಶ ಕೊಟ್ಟ ಮೂವರೂ ಮೂರು ಕಡೆಯಿಂದ ಹುಡುಕಿದರು. ಹನ್ನೊಂದು ಹೊಡೆದು ಹೋಯಿತು. ಅಬಲೂರಿನಲ್ಲಿ ಒಬ್ಬ ಕನ್ಯೆ ಕಾಯುತ್ತ ಕೂತಿದ್ದಾಳೆ, ಶಿಗ್ಗಾಂವಿಯಲ್ಲಿ ತನ್ನ ಫೋನು ಆಕಾಶದಲ್ಲಿದೆ ಎಂದು ನೆನೆದು ಚನ್ನೇಶನ ಕಣ್ಣಲ್ಲಿ ನೀರೇ ಬಂತು. ಅವನು ಎಲ್ಲರ ಕೈಯಿಂದ ಫೋನು ಕಿತ್ತುಕೊಂಡು ಬಸ್‌ಸ್ಟ್ಯಾಂಡ್ ಎದುರಿನ ದಿಲಾವರನ ಮೊಬೈಲ್ ರಿಪೇರಿ ಅಂಗಡಿಗೆ ಓಡಿದ. ಅವನ ಹಿಂದೆ ಕರಿಬಸಪ್ಪ, ಅವರ ಹಿಂದೆ ಸರೋಜವ್ವ, ಆಕೆಯ ಹಿಂದೆ ಗುತ್ತೆಪ್ಪ. ಅಂಗಡಿ ಕಾಯಲು ಅಲ್ಲಿ ಯಾರೂ ಉಳಿಯಲಿಲ್ಲ.

ದಿಲಾವರ ಫೋನು ನೋಡಿ, ಆಮೇಲೆ ಬಂದ ಮೆರವಣಿಗೆ ನೋಡಿ, "ಎಲ್ಲಾರೂ ಕೈ ಹಿಂದ ಕಟ್ಕೋರಿ ಮೊದ್ಲ" ಎಂದ. ಎರಡು ಚಿಟಿಕೆಯಲ್ಲಿ ಹೆಂಗಸು ಸುಮ್ಮನಾದಳು, 'ಳ' ತನ್ನ ಗಾತ್ರಕ್ಕೆ ಬಂತು, ವಿಮಾನ ಇಳಿಯಿತು. ಇಳಿದದ್ದೇ ತಡ ಫಕ್ಕೀರಪ್ಪನ ಫೋನು.

"ಎಲ್ಲಿ ಸತ್ತಿದ್ದಿ? ನಾ ಹೆದರ್ಕೋತ ಹೆದರ್ಕೋತ ಹುಡುಗಿಗೆ ಹೇಳಿದ್ನೆಪಾ, ಅವನ ಫೋನ್ ಭಾಳ ಹಳೇದವ್ವಾ, ವಿಡಿಯೊ ಕಾಲ್ ಹತ್ತಂಗಿಲ್ಲಂತ ಅಂತ. ಮುಗೀತು ಈ ಸಂಬಂಧ ಅಂತ ನಾ ತಿಳ್ಕೊಂಡ್ರ, ಆಕಿ ನಕ್ಕಳೋ ಮಾರಾಯಾ! ಸಂಜಿಮುಂದ ಮನೀಗೆ ಬರಾಕ ಹೇಳ್ರಿ ಅಂದ್ಲು. ಬರೂ ಮುಂದ ಫೋನ್ ಮರೀದ ತರಬೇಕಂತ. ಫೋನ್ ಬಿಟ್ಟು ಬಂದ್ರ ಬರೂದ ಬ್ಯಾಡ ಅಂದಾಳ."

ಈ ಕರಾರಿನ ಅರ್ಥ ಏನೆಂದು ದಿಲಾವರನ ಅಂಗಡಿಯ ಕಟ್ಟೆಯ ಮೇಲೆ ಪಂಚಾಯಿತಿ ಕೂಡಿತು.

"ಫೋನ್ ನೋಡಿ ಮನಿತನ ಅಳೀತಾಳ" ಎಂದರು ಕರಿಬಸಪ್ಪ. "ಈ ಡಬ್ಬಿ ಕಂಡ್ರ ಬಾಗಲದಿಂದನ ಹೊಳ್ಳಸಿ ಕಳಸ್ತಾಳ."

"ಒಳಗ ಯಾರ್ಯಾರ ಫೋಟೊ ಅದಾವು ಅಂತ ತಗದ್ ನೋಡ್ತಾಳ" ಎಂದಳು ಸರೋಜವ್ವ. "ಈಗಿನ ಹುಡುಗ್ಯಾರು ಶಾಣ್ಯಾರು."

"ಒಲಿಗೆ ಹಾಕ್ರಿ ಅದನ್ನ" ಎಂದ ಗುತ್ತೆಪ್ಪ.

"ಹೊಸದು ತಗೊಳೋ, ಪಗಾರದಾಗ ಹಿಡಕೋತೇನಿ" ಎಂದರು ಕರಿಬಸಪ್ಪ. "ದಿಲಾವರ, ಎರಡು ಚಲೋವು ತೋರ್ಸು."

ದಿಲಾವರ ಮಿರಮಿರ ಮಿಂಚುವ ಎರಡು ಫೋನು ತೆಗೆದು ಎದುರಿಗಿಟ್ಟ. ಚನ್ನೇಶ ಅವುಗಳನ್ನು ನೋಡಿದ. ತನ್ನದನ್ನು ನೋಡಿದ. ಇಷ್ಟು ವರ್ಷ ಒಂದು ದಿನವೂ ಕೈಕೊಡದ ಫೋನು, ಇವರೆಲ್ಲ ಕೈಹಾಕುವ ತನಕ. ಅವನ ಹೊಟ್ಟೆಯಲ್ಲಿ ಇದ್ದ ಸಿಟ್ಟೆಲ್ಲ ಒಮ್ಮೆಲೇ ನಾಲಗೆಗೆ ಬಂತು.

"ಯಾಕ್ ತಗೋಬೇಕ್ರಿ? ಇದು ಕೆಟ್ಟೈತೇನು? ಹೇಳ್ರಿ, ಯಾರರ ಒಬ್ರು ಹೇಳ್ರಿ, ಎಲ್ಲಿ ಕೆಟ್ಟೈತಿ? ಅದನ್ನ ಮಾಡಿದಾವ ಎಲ್ಲೋ ಕುಂತು, ಇದರ ಆಯುಷ್ಯ ಮುಗೀತು ಅಂದ್ರ, ನಾ ಇಲ್ಲಿ ಬಾಯಿ ಬಡ್ಕೊಂಡು ಅಳಬೇಕೇನು? ನಾಳೆ ನನಗ ಮೂವತ್ತೈದು ಆದ ಕೂಡ್ಲೆ ನೀನೂ ಹಳೇದಾದಿ ಅಂತ ನನ್ನನ್ನೂ ಬಂದ್ ಮಾಡ್ಯಾರು! ತಗೊಳ್ಳಂಗಿಲ್ಲ ಅಂದ್ರ ತಗೊಳ್ಳಂಗಿಲ್ಲ. ಹುಡುಗಿ ಒಪ್ಪಲಿ, ಬಿಡಲಿ."

ಪೇಟೆಯಲ್ಲಿ ಚನ್ನೇಶ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ರಸ್ತೆಯಲ್ಲಿ ಹೋಗುವವರು ನಿಂತು ಕೇಳಿದರು. ಜನ ನಿಂತದ್ದು ಕಂಡು ಅವನಿಗೆ ಇನ್ನಷ್ಟು ಹುರುಪು ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆ ಬೇರೆಯಾಗುತ್ತಿತ್ತು.

"ದಿಲಾವರ!" ಎಂದ ಅವನು, ಫೋನನ್ನು ಮೇಜಿನ ಮೇಲೆ ಇಟ್ಟು. "ಈಗ ಎಲ್ಲಾಕ್ಕಿಂತ ಹೊಸಾ ಸಾಫ್ಟ್‌ವೇರ್ ಯಾವುದೈತಿ? ಅದನ್ನ ಇದರಾಗ ಹಾಕು. ಕಂಪನಿಯವರು ಕಳಸದಿದ್ರ ಕತ್ತಿ ಕಾಯಾಕ ಹೋಗ್ಲಿ. ನಾವ ಹಾಕ್ಕೊಳ್ಳೂಣು!"

ದಿಲಾವರನ ಕಣ್ಣುಗಳು ಅರಳಿದವು. ಅವನು ಎಷ್ಟೋ ದಿನದಿಂದ ಇಂಥ ಗಿರಾಕಿಗಾಗಿ ಕಾಯುತ್ತಿದ್ದ. "ಹಾಕ್ತೇನ್ರಿ ಅಣ್ಣಾರ. ಕಂಪನಿಯವರು ಕೈಬಿಟ್ಟ ಫೋನಿಗೆ ಯಾವ್ಯಾವ್ದೋ ದೇಶದ ಹುಡುಗ್ರು ತಾವ ಹೊಸಾದು ಮಾಡಿ ನೆಟ್ಟಿನ್ಯಾಗ ಇಟ್ಟಿರ್ತಾರ. ನಿಮ್ಮ ಮಾಡೆಲ್ಲಿಗೂ ಐತಿ. ಆದ್ರ ನಡುವ ಕರೆಂಟ್ ಹೋದ್ರ ಫೋನ್ ಸತ್ತು ಇಟ್ಟಂಗಿ ಆಗ್ತೈತಿ, ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

"ಹಾಕು!"

ದಿಲಾವರ ವೈರು ಚುಚ್ಚಿದ. ಫೋನು ಒಮ್ಮೆ ಮಿಣುಕಿ ಕಪ್ಪಾಯಿತು. ಕಪ್ಪಾದದ್ದು ಕಪ್ಪಾಗಿಯೇ ಉಳಿಯಿತು. ರೋಗಿಯ ಸುತ್ತ ನಿಂತ ಬಂಧುಗಳಂತೆ ಎಲ್ಲರೂ ಉಸಿರು ಬಿಗಿ ಹಿಡಿದು ನಿಂತರು. ಒಲೆಯ ಮೇಲೆ ಎಣ್ಣೆ ಬಿಟ್ಟು ಬಂದದ್ದು ಸರೋಜವ್ವನಿಗೆ ಆಗ ನೆನಪಾಯಿತು, ಆದರೂ ಆಕೆ ಅಲ್ಲಾಡಲಿಲ್ಲ. ಬಹಳ ಹೊತ್ತಿನ ಮೇಲೆ ಪರದೆಯ ನಡುವೆ ಒಂದು ಚುಕ್ಕೆ ಮೂಡಿತು, ಚುಕ್ಕೆ ಬಳೆಯಾಯಿತು, ಬಳೆ ತಿರುಗಿತು, ಆಮೇಲೆ ಬಣ್ಣ ಬಣ್ಣದ ಬೆಳಕು ಚೆಲ್ಲಿ ಫೋನು ಎದ್ದು ಕೂತಿತು. ಗುತ್ತೆಪ್ಪ ಸಿಳ್ಳೆ ಹಾಕಿದ.

ವಿಡಿಯೊ ಕಾಲಿನ ಆ್ಯಪ್ ತುಟಿ ಪಿಟಕ್ಕೆನ್ನದೆ ತೆರೆದುಕೊಂಡಿತು. ಪರೀಕ್ಷೆಗೆಂದು ಚನ್ನೇಶ ಪಕ್ಕದಲ್ಲೇ ನಿಂತಿದ್ದ ಕರಿಬಸಪ್ಪನವರಿಗೆ ವಿಡಿಯೊ ಕಾಲ್ ಮಾಡಿದ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು, "ಕಾಣತೇನೇನ್ರಿ?" "ಕಾಣ್ತೀ ಕಾಣ್ತೀ!" ಎಂದು ಕೂಗಾಡಿದರು.

"ಹಂಗಾರ ಈಗ ಆ ಹುಡುಗಿಗೆ ಹಚ್ಚು" ಎಂದರು ಕರಿಬಸಪ್ಪ.

"ಇನ್ನ ಎದಕ್ರಿ? ಮನೀಗೇ ಕರದಾಳ. ಎದುರಿಗೆ ಹೋಗಿ ಕೈಯಾಗ ಇಡ್ತೇನಿ. ಹಳೇದು ಅಂದಾವ್ರ ಬಾಯಿ ಮುಚ್ಚಬೇಕು" ಎಂದು ಚನ್ನೇಶ ಎದೆ ಸೆಟೆಸಿ ಬಸ್ಸು ಹತ್ತಿದ.

ಹಾನಗಲ್ಲಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹಿರೇಕೆರೂರಿನಲ್ಲಿ ಇಳಿದು, ಹತ್ತು ಜನ ಕೂರುವಲ್ಲಿ ಹದಿನೈದು ಜನ ಕೂತ ಟಂಟಂ ಆಟೊ ಏರುವ ತನಕ ಅವನು ಫೋನು ಜೇಬಿಗೆ ಹಾಕಲಿಲ್ಲ. ಪಕ್ಕದಲ್ಲಿ ಕೂತವರಿಗೆಲ್ಲ ತೋರಿಸಿದ. "ಏಳು ವರ್ಷದ್ದು ಅಂದ್ರ ನಂಬ್ತೀರೇನ್ರಿ?" ಎಂದ. ಒಬ್ಬ ಮುದುಕ ಅದನ್ನು ತಿರುವಿ ಮುರುವಿ ನೋಡಿ, "ಹಲ್ಲ ಕಟ್ಟಿಸಿಕೊಂಡಂಗಾಗೇತಿ" ಎಂದ. ಚನ್ನೇಶ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ.

ಅಬಲೂರಿನಲ್ಲಿ ಗುಡಿಯ ಹಿಂದಿನ ಓಣಿಯಲ್ಲಿ ವಾಣಿಶ್ರೀಯ ಮನೆ. ಫಕ್ಕೀರಪ್ಪ ಆಗಲೇ ಬಂದು ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದ. ಹುಡುಗಿಯ ತಾಯಿ ಚನ್ನೇಶನಿಗೆ ನೀರು ಕೊಟ್ಟು, ಜಮಖಾನೆಯ ಮೇಲೆ ಕೂರಿಸಿ, ಸೆರಗಿನಿಂದ ಸಂತೋಷದ ಕಣ್ಣೀರು ಒರೆಸಿಕೊಂಡರು.

"ಏನ್ ಹೇಳ್ಲೀರಿ, ಬಂದ ಫೋಟೊ ಎಲ್ಲಾ ಹಿಂಗ ನೋಡಿ ಹಂಗ ಒಗಿಯಾಕಿ ನಮ್ಮ ಹುಡುಗಿ. ನಿಮ್ಮ ಫೋಟೊ ಕಂಡಾಕಿನ ಸುಮ್ನ ಕುಂತ್ಲು. ದೊಡ್ಡದು ಮಾಡಿ ಮಾಡಿ ನೋಡಿದ್ಲು. ಮಲಗೂ ಮುಂದೂ ನೋಡಿದ್ಲು, ಎದ್ದ ಮ್ಯಾಲೂ ನೋಡಿದ್ಲು. 'ಅವ್ವಾ, ಇದು ಸಿಕ್ರ ನನ್ನ ಬಾಳೇವು ಹಸನಾಗ್ತೈತಿ' ಅಂತ ಬಾಯಿಬಿಟ್ಟು ಅಂದ್ಲ್ರಿ."

ಚನ್ನೇಶನಿಗೆ ಕೂತಲ್ಲೇ ಎರಡು ಗೇಣು ಎತ್ತರವಾದಂತೆನಿಸಿತು. ನೀವಿಬ್ಬರೂ ಒಂದಿಷ್ಟು ಮಾತಾಡಿಕೊಳ್ಳಿ ಎಂದು ಹಿರಿಯರು ಅವನನ್ನು ಒಳಗಿನ ಕೋಣೆಗೆ ಕಳಿಸಿ, ಪದ್ಧತಿಯಂತೆ ಬಾಗಿಲು ಪೂರ್ತಿ ತೆರೆದೇ ಇಟ್ಟರು.

ವಾಣಿಶ್ರೀ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ನಿಂತಿದ್ದಳು. ನಾಚಿಕೆ ಗೀಚಿಕೆ ಏನೂ ಇರಲಿಲ್ಲ. ಅವನ ಮುಖ ಕೂಡ ನೋಡದೆ ಕೈ ನೋಡಿದಳು.

"ಫೋನ್ ತಂದೀರೇನ್ರಿ?"

ಚನ್ನೇಶ ಪ್ರಸಾದ ಕೊಡುವಂತೆ ಎರಡೂ ಕೈಯಿಂದ ಕೊಟ್ಟ. ಪರದೆ ಆರಿತ್ತು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ, ಅಂಚು ಸವರಿ, "ಇದ... ಇದ ಮಾಡೆಲ್ಲು!" ಎಂದಳು. "ಎಷ್ಟ್ ಜ್ವಾಪಾನ ಮಾಡಿ ಇಟ್ಟೀರಿ!"

"ಕೆಟ್ಟಿಲ್ಲಲ್ರಿ, ಯಾಕ್ ಒಗೀಬೇಕು?" ಎಂದ ಚನ್ನೇಶ. ಇಡೀ ಜಗತ್ತಿನಲ್ಲಿ ಈ ಮಾತು ಅರ್ಥವಾಗುವ ಒಂದು ಜೀವ ಕೊನೆಗೂ ಸಿಕ್ಕಿತು ಎಂದು ಅವನು ಹಿಗ್ಗಿದ.

"ಅದನ್ನ ನಾನೂ ಎಲ್ಲಾರಿಗೂ ಹೇಳಾಕತ್ತೇನ್ರಿ!" ಎಂದು ವಾಣಿಶ್ರೀ ಮೂಲೆಯಲ್ಲಿದ್ದ ಒಂದು ಯಂತ್ರದ ಮೇಲಿನ ಬಟ್ಟೆ ಸರಿಸಿದಳು. "ಇದು ಬ್ಲೌಸಿನ ಮ್ಯಾಲೆ ಡಿಸೈನ್ ಹಾಕೂ ಮಷಿನ್. ಇದಕ್ಕ ಹುಕುಂ ಕೊಡೂದು ಫೋನಿನ್ಯಾಗಿನ ಒಂದು ಆ್ಯಪ್. ಆ ಆ್ಯಪ್ ಮಾಡಿದ ಕಂಪನಿ ಬಾಗಲಾ ಹಾಕ್ಕೊಂಡು ಹೋತು. ನನ್ನ ಹಳೇ ಫೋನಿನ್ಯಾಗ ನಡೀತಿತ್ತು. ಅದು ಹೋದ ತಿಂಗಳ ನೀರಿನ ಹೌದಿನ್ಯಾಗ ಬಿತ್ತು. ಹೊಸಾ ಫೋನ್ ತಂದು ಹಾಕಿದ್ರ, ಈ ಆ್ಯಪ್ ಭಾಳ ಹಳೇದು, ನಾ ನಡಸಂಗಿಲ್ಲ ಅಂತೈತಿ. ಮಷಿನ್ ಗಟ್ಟಿಮುಟ್ಟಾಗಿ ಕುಂತೈತಿ, ಕೆಲಸ ಬಂದ್. ಲಗ್ನದ ಬ್ಲೌಸು ಗುಡ್ಡೆ ಬಿದ್ದಾವು. ಮಷಿನ್ನ ಮಾರಿಬಿಡು ಅಂತಾರ ಎಲ್ಲಾರೂ. ಯಾಕ್ ಮಾರ್ಲಿ? ಇದು ಕೆಟ್ಟೈತೇನು?"

"ಕೆಟ್ಟಿಲ್ಲ" ಎಂದ ಚನ್ನೇಶ. ಅವನ ಕಣ್ಣು ಅವಳ ಕೈಯಲ್ಲಿದ್ದ ತನ್ನ ಫೋನಿನ ಕಡೆ ಹೋಯಿತು.

"ಹಾನಗಲ್ಲ ಸುತ್ತಿದೆ, ಹಿರೇಕೆರೂರ ಸುತ್ತಿದೆ, ಅಪ್‌ಡೇಟ್ ಆಗದ ಹಳೇ ಫೋನ್ ಎಲ್ಲೂ ಸಿಗಲಿಲ್ಲ. ನಿಮ್ಮ ಫೋಟೊದಾಗ ನಿಮ್ಮ ಕೈಯಾಗ ಇದನ್ನ ಕಂಡೆ ನೋಡ್ರಿ! ದೊಡ್ಡದು ಮಾಡಿ ನೋಡಿದೆ, ನನ್ನ ಹಳೇ ಫೋನಿಂದ ಮಾಡೆಲ್ಲು. ಆದ್ರ ಒಳಗ ಹಳೇದ ಐತೋ, ಏನರ ಹೊಸಾದು ಹಾಕಿಸ್ಯಾರೋ? ಅದಕ್ಕ ವಿಡಿಯೊ ಕಾಲ್ ಮಾಡಸ್ರಿ ಅಂದೆ. ಹತ್ತಿದ್ರ ಅಲ್ಲೇ ಬ್ಯಾಡ ಅಂತಿದ್ದೆ. ಹತ್ತಲಿಲ್ಲ ಅಂದ ಕೂಡ್ಲೆ ನನಗಾದ ಖುಷಿ ಅಷ್ಟಿಷ್ಟಲ್ರಿ!"

ಚನ್ನೇಶನಿಗೆ ಈಗ ಕೂರಬೇಕೆನಿಸಿತು. ಕೋಣೆಯಲ್ಲಿ ಕುರ್ಚಿ ಇರಲಿಲ್ಲ.

"ಮತ್ತ... ಮದಿವಿ ಮಾತು?" ಎಂದ.

ವಾಣಿಶ್ರೀ ಮೊದಲ ಸಲ ಅವನ ಮುಖ ನೋಡಿ ನಕ್ಕಳು. ನಕ್ಕಾಗ ಅವಳು ಬಹಳ ಚೆಂದ ಕಾಣುತ್ತಿದ್ದಳು. "ಅದನ್ನೂ ವಿಚಾರ ಮಾಡೇನ್ರಿ. ಎಲ್ಲಾರೂ ಬೈದ್ರೂ ಒಂದ ಫೋನನ್ನ ಇಷ್ಟ್ ವರ್ಷ ಬಿಡದಾವ ಹೆಂಡ್ತಿ ಕೈನೂ ಬಿಡಂಗಿಲ್ಲ ಅನ್ನಿಸ್ತು. ಮೊದ್ಲ ಮಷಿನ್ ಚಾಲೂ ಆಗ್ಲಿ, ಆಮ್ಯಾಲೆ ಹೊರಗ ಹೋಗಿ ಹಿರ್‍ಯಾರಿಗೆ ಹೂಂ ಅನ್ನೂಣು."

ಹೀಗೆಂದು ಅವಳು ಬಂಗಾರದ ಒಡವೆಯ ಡಬ್ಬಿಯಿಂದ ಆ ಆ್ಯಪ್ ಇಟ್ಟಿದ್ದ ಒಂದು ಪುಟ್ಟ ಮೆಮೊರಿ ಕಾರ್ಡು ತೆಗೆದು ಫೋನಿಗೆ ಸೇರಿಸಿ, ಗುಂಡಿ ಒತ್ತಿದಳು.

ಬಣ್ಣ ಬಣ್ಣದ ಬೆಳಕು ಚೆಲ್ಲಿತು. ವಾಣಿಶ್ರೀಯ ನಗು ಅಲ್ಲೇ ನಿಂತಿತು. ಅವಳು ಏನನ್ನೋ ಒತ್ತಿದಳು, ಮತ್ತೆ ಒತ್ತಿದಳು. ಪರದೆಯ ಮೇಲೆ ಒಂದು ಒಕ್ಕಣೆ ಮೂಡಿತು: 'ಈ ಆ್ಯಪ್ ಹಳೆಯ ಆವೃತ್ತಿಗಾಗಿ ಮಾಡಿದ್ದು. ನಿಮ್ಮ ಫೋನಿನಲ್ಲಿ ಕೆಲಸ ಮಾಡುವುದಿಲ್ಲ.' ಬೆಳಿಗ್ಗೆ ಹಳೆಯದೆಂದು ಬೈಸಿಕೊಂಡ ಫೋನು ಸಂಜೆಗೆ ಹೊಸದೆಂದು ಬೈಸಿಕೊಂಡಿತು.

"ಇದು ಯಾವಾಗ ಮಾಡಿಸಿದ್ರಿ?"

"ಇವತ್ತ... ಮಧ್ಯಾಹ್ನ."

"ಇಷ್ಟ್ ವರ್ಷ ಬಿಟ್ಟು? ಇವತ್ತ? ಯಾಕ್ರಿ?"

"ಜಿದ್ದಿಗೆ ಬಿದ್ದೆರಿ" ಎಂದ ಚನ್ನೇಶ.

ಆಗಲೇ ಫೋನು ಹಾಡತೊಡಗಿತು. ವಿಡಿಯೊ ಕಾಲ್. ವಾಣಿಶ್ರೀ ಎತ್ತಿದಳು. ಪುಟ್ಟ ಗಾಜಿನಲ್ಲಿ ದಿಲಾವರ, ಅವನ ಹೆಗಲ ಮೇಲಿಂದ ಕರಿಬಸಪ್ಪ, ಅವರ ಕಂಕುಳಿನಿಂದ ಸರೋಜವ್ವ, ಎಲ್ಲರ ತಲೆಯ ಮೇಲೆ ಗುತ್ತೆಪ್ಪ. "ಓ ಹೋ ಹೋ, ಹುಡುಗೀನ ಎತ್ತ್ಯಾಳ!" ಎಂದು ಶಿಗ್ಗಾಂವಿಯೇ ಒಮ್ಮೆಲೇ ಕೂಗಿತು. "ಎಷ್ಟ್ ಕ್ಲಿಯರ್ ಕಾಣಾಕತ್ತೈತಿ ನೋಡ್ರಿ! ಒಪ್ಪಿದಿ ಏನವ್ವಾ?"

"ಇದನ್ನ ಹಾಕಿದಾವ್ರು ಯಾರ್ರಿ?" ಎಂದಳು ವಾಣಿಶ್ರೀ.

"ನಾನ ನೋಡ್ರಿ!" ಎಂದು ದಿಲಾವರ ಎದೆ ತಟ್ಟಿಕೊಂಡ.

"ಹೊಳ್ಳಿ ಹಳೇದು ಹಾಕಾಕ ಬರ್ತೈತೇನ್ರಿ?"

"ಹಳೇದಾ? ಛೇ ಛೇ ಛೇ!" ದಿಲಾವರನಿಗೆ ಅವಮಾನವಾದಂತಾಯಿತು. "ಒಮ್ಮೆ ಮುಂದ ಹೋದದ್ದು ಹಿಂದ ಬರಬಾರದು, ಹಂಗ ಪಕ್ಕಾ ಮಾಡಿ ಹಾಕೇನ್ರಿ. ಹಳೇದರ ಹೆಸರಿಲ್ಲದಂಗ ಅಳಿಸೇನಿ. ನೀವೇನೂ ಚಿಂತಿ ಮಾಡಬ್ಯಾಡ್ರಿ!"

ವಾಣಿಶ್ರೀ ಕಾರ್ಡು ತೆಗೆದುಕೊಂಡು ಫೋನನ್ನು ಚನ್ನೇಶನ ಕೈಗೆ ಇಟ್ಟು, ಯಂತ್ರದ ಮೇಲೆ ಬಟ್ಟೆ ಹೊದಿಸಿದಳು. ಆಮೇಲೆ ತೆರೆದ ಬಾಗಿಲಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಅವ್ವಾ, ಸವಣೂರಿನವರಿಗೆ ನಾಳೆ ಜಲ್ದಿ ಬರಾಕ ಹೇಳು. ಆ ಹುಡುಗನ ಫೋಟೊದಾಗ ಜೇಬಿನ್ಯಾಗ ಇದಕ್ಕಿಂತ ಹಳೇದು ಕಂಡಂಗಾಗಿತ್ತು."

ಚನ್ನೇಶ ಅವಲಕ್ಕಿ ಮುಟ್ಟದೆ ಹೊರಗೆ ಬಂದು ಚಪ್ಪಲಿ ಮೆಟ್ಟಿದ. ಫಕ್ಕೀರಪ್ಪ ಮಾತ್ರ ಅವನ ಪಾಲಿನ ತಟ್ಟೆಯನ್ನೂ ತನ್ನ ಕಡೆ ಎಳೆದುಕೊಂಡ. ಓಣಿಯ ಕೊನೆ ಮುಟ್ಟಿದಾಗ ಕೈಯೊಳಗೆ ಫೋನು ಇನ್ನೂ ಬೆಳಗುತ್ತಲೇ ಇತ್ತು, ನಾಲ್ಕೂ ತಲೆಗಳು ಇನ್ನೂ ಅದರೊಳಗೇ ಇದ್ದವು, "ಏನಾತು? ಏನಾತೋ?" ಎಂದು ಕೇಳುತ್ತಲೇ ಇದ್ದವು. ಎಲ್ಲವನ್ನೂ ಹೇಳಿ ಮುಗಿಸಿ ಚನ್ನೇಶ ಹಲ್ಲು ಕಚ್ಚಿದ. ಅವನಿಗೆ ಮತ್ತೆ ಜಿದ್ದು ಏರಿತ್ತು.

"ದಿಲಾವರ, ಸವಣೂರಿನ್ಯಾಗ ನಿನ್ನ ಗುರ್ತಿನ ರಿಪೇರಿ ಅಂಗಡಿ ಐತೇನು?"

"ಐತ್ರಿ, ಯಾಕ?"

"ನಾಳೆ ಮುಂಜಾನೆ ಅಲ್ಲಿಂದ ಒಬ್ಬಾವ ಹಳೇ ಫೋನ್ ಹಿಡ್ಕೊಂಡು ಅಬಲೂರಿಗೆ ಹೊರಡ್ತಾನ. ಅಂವ ಬಸ್ ಹತ್ತೂಕಿಂತ ಮೊದ್ಲ ಅವಂದೂ ಅಪ್‌ಡೇಟ್ ಆಗಬೇಕು."

ಗಾಜಿನೊಳಗೆ ದಿಲಾವರ ತಲೆ ಕೆರೆದುಕೊಂಡ. "ಆಗೂ ಮಾತಲ್ಲ ಬಿಡ್ರಿ ಅಣ್ಣಾರ" ಎಂದ ಕೊನೆಗೆ, ನಿಜವಾದ ಕನಿಕರದಿಂದ. "ಅಂವ ಇದ್ದದ್ದ ಸಾಕು ಅಂತ ಸುಮ್ನ ಜೇಬಿನ್ಯಾಗ ಹಾಕ್ಕೊಂಡು ಹೋಗ್ತಾನ. ಕಂಪನಿ ಕೈಬಿಟ್ಟ ಫೋನನ್ನ ಹಟಕ್ಕ ಬಿದ್ದು ಅಪ್‌ಡೇಟ್ ಮಾಡಿಸಾವ್ರು ಈ ನಾಕೂ ತಾಲೂಕಿನ್ಯಾಗ ನೀವೊಬ್ರ."